ಅಳಿವೆ ಬಾಯಿಯ ಒಡ್ಡು

ಮಂಗಳೂರು
3 ಜೂನ್ 2024

ತೀರ್ಥಸ್ವರೂಪ ನಲಿನಿ ಮೌಶಿಗೆ ಸುಧೀರನ ನಮಸ್ಕಾರಗಳು.

ಕಿವಿಗೆ ಮಷೀನು ಹಾಕಿಕೊಳ್ಳುವುದಿಲ್ಲ, ಮೊಬೈಲಿನಲ್ಲಿ ಬರೆದರೆ ಓದುವುದಿಲ್ಲ ಎಂದು ನೀವು ಹಟ ಹಿಡಿದಿದ್ದೀರಿ. ಹೀಗಾಗಿ ನಮ್ಮ ಇಡೀ ಸಂಸ್ಥೆಯಲ್ಲಿ ಅಂಚೆ ಲಕೋಟೆ ಕೊಳ್ಳುವ ಮನುಷ್ಯ ನಾನೊಬ್ಬನೇ. ಜೊತೆಯವರು ನಗುತ್ತಾರೆ. ಇಂಡಿಯಲ್ಲಿ ನಿಮ್ಮ ಕೈಯಲ್ಲಿ ಗಣಿತ ಕಲಿತ ಋಣ ಎಂದು ಹೇಳಿ ಸುಮ್ಮನಾಗುತ್ತೇನೆ.

ನನ್ನ ಕೆಲಸ ಏನು ಎಂದು ಪಾಂಡುರಂಗ ಕಾಕಾ ಪ್ರತಿ ಸಲ ಕೇಳುತ್ತಾರೆ, ಪ್ರತಿ ಸಲ ಮರೆಯುತ್ತಾರೆ. ಕರಾವಳಿಯ ಸಮುದ್ರವನ್ನು ಕಂಪ್ಯೂಟರಿನೊಳಗೆ ಚೌಕ ಚೌಕವಾಗಿ ಕತ್ತರಿಸುತ್ತೇವೆ. ಪ್ರತಿ ಚೌಕಕ್ಕೆ ಅದರ ಆಳ ಕೊಟ್ಟು, ಚಂದ್ರ ಸೂರ್ಯರ ಸೆಳೆತ ಕೊಟ್ಟು, ಎಲ್ಲಿ ಯಾವ ಹೊತ್ತಿಗೆ ನೀರು ಎಷ್ಟು ಏರುತ್ತದೆ, ಎತ್ತ ಹರಿಯುತ್ತದೆ ಎಂದು ಲೆಕ್ಕ ಹಾಕುತ್ತೇವೆ. ಅದಕ್ಕೆ ಮಾಡೆಲ್ ಅನ್ನುತ್ತಾರೆ. ಈ ಸಲ ಸಣ್ಣಬಾಗ ಎಂಬ ಮೀನುಗಾರರ ಹಳ್ಳಿಯ ಅಳಿವೆಯದು. ಹಳ್ಳ ಸಮುದ್ರ ಸೇರುವ ಆ ಬಾಯಿಯಲ್ಲಿ ಗೋಡೆ ಕಟ್ಟಬಹುದೋ ಇಲ್ಲವೋ ಎಂದು ನನ್ನ ವರದಿ ಹೇಳಬೇಕು.

ಈಗ ನಗುವ ಸಂಗತಿ ಕೇಳಿ. ಮಾಡೆಲ್ ಸರಿ ಇದೆಯೇ ಎಂದು ತಾಳೆ ನೋಡಲು ಅಳಿವೆಯ ಒಳಗೆ ಒಂದು ಅಳತೆಗೋಲು ನೆಟ್ಟಿದ್ದೇವೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಅರ್ಧ ತಾಸಿಗೊಮ್ಮೆ ನೀರು ಎಲ್ಲಿದೆ ಎಂದು ನೋಡಿ ಬರೆಯುವುದು, ಇಷ್ಟೇ ಕೆಲಸ. ಮಂಗ ಕೂಡ ಮಾಡಬಹುದು. ಗುತ್ತಿಗೆಯವರು ಕಳಿಸಿದ್ದು ಯಾರನ್ನು ಗೊತ್ತೇ? ನಮ್ಮ ಸಿಂದಗಿ ತಾಲೂಕಿನ ಯಂಕಂಚಿಯ ಸಿದ್ದರಾಯ ಎಂಬುವನನ್ನು. ಮೊದಲು ಮುದ್ದೇಬಿಹಾಳದ ಕಡೆ ಕಾಲುವೆಯ ನೀರು ಬರೆಯುತ್ತಿದ್ದನಂತೆ. ಕಾಲುವೆ ಬರೆದವನು ಸಮುದ್ರ ಬರೆಯಲು ಹೊರಟ. ನನ್ನ ಮಾಡೆಲ್ ನೀರು ಇಳಿಯಿತು ಎಂದ ಮೇಲೆ ಒಂದೂಮುಕ್ಕಾಲು ತಾಸಿಗೆ ಇವನ ನೀರು ಇಳಿಯುತ್ತದೆ. ಎಷ್ಟೇ ಇಳಿತವಿದ್ದರೂ ಕೋಲಿನ ಅರವತ್ತೆರಡು ಸೆಂಟಿಮೀಟರಿಗಿಂತ ಕೆಳಗೆ ಹೋಗುವುದೇ ಇಲ್ಲ. ನಿದ್ದೆ ಹೊಡೆದು ಎದ್ದು ಅಂದಾಜಿನಲ್ಲಿ ಬರೆದಿದ್ದಾನೆ, ಅಷ್ಟೇ. ಐದು ತಿಂಗಳ ರಜಿಸ್ಟರು ರದ್ದಿಗೆ ಹಾಕಲು ಲಾಯಕ್ಕು.

ಇವನು ಸುಳ್ಳು ದಾಖಲೆ ಬರೆದಿದ್ದಾನೆ ಎಂದು ಜೂನ್ 28ರ ವರದಿಯಲ್ಲಿ ನಮೂದಿಸುವವನಿದ್ದೇನೆ. ನಮ್ಮೂರ ಕಡೆಯವರ ಮರ್ಯಾದೆ ಹೀಗೆ ಹೋಗುತ್ತದೆ ನೋಡಿ.

ನಿಮ್ಮ
ಸುಧೀರ


ಇಂಡಿ
12 ಜೂನ್ 2024

ಚಿ. ಸುಧೀರನಿಗೆ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ನಗುವ ಸಂಗತಿ ಎಂದು ಬರೆದಿದ್ದೆ. ನಿನ್ನ ಕಾಕಾ ನಕ್ಕರು. ನಾನು ನಗಲಿಲ್ಲ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಉತ್ತರ ತಾಳೆಯಾಗದಿದ್ದರೆ ಪುಸ್ತಕದ ಹಿಂದಿನ ಉತ್ತರವೇ ತಪ್ಪು ಎಂದು ಕೈ ಎತ್ತುತ್ತಿದ್ದ ಹುಡುಗ ನೀನೊಬ್ಬನೇ. ಇಪ್ಪತ್ತು ಸಲದಲ್ಲಿ ಹತ್ತೊಂಬತ್ತು ಸಲ ತಪ್ಪು ನಿನ್ನದೇ ಇರುತ್ತಿತ್ತು. ಆ ಒಂದು ಸಲ ನೀನು ಸರಿ ಇದ್ದದ್ದೇ ನಿನ್ನನ್ನು ಹಾಳು ಮಾಡಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನಗೆ ನೀರೇ ಡೊಂಕು.

ಮೂರು ಪ್ರಶ್ನೆ ಕೇಳುತ್ತೇನೆ. ಆ ಸಣ್ಣಬಾಗವನ್ನು ನೀನು ಕಣ್ಣಿನಿಂದ ನೋಡಿದ್ದೀಯಾ? ಅವನು ನಿದ್ದೆ ಹೊಡೆದದ್ದನ್ನು ಯಾರು ನೋಡಿದರು? ನಿದ್ದೆಗಣ್ಣಿನವನು ಐದು ತಿಂಗಳು ದಿನಾಲು ಒಂದೇ ರೀತಿ ಒಂದೂಮುಕ್ಕಾಲು ತಾಸು ತಡ ಮಾಡುತ್ತಾನೆಯೇ? ಸೋಮಾರಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು?

ಅವನ ರಜಿಸ್ಟರಿನ ಹದಿನೈದು ದಿನದ ಝೆರಾಕ್ಸ್ ಕಳಿಸು. ಜೊತೆಗೆ ಅಳಿವೆ ಬಾಯಿಯಲ್ಲಿ ನೀನು ಎಷ್ಟು ಆಳ ಕೊಟ್ಟಿದ್ದೀಯ, ಅದನ್ನು ಬರೆ. ಹಿಂದಿನ ಪತ್ರದಲ್ಲಿ ಎರಡು ಕಡೆ ಅಲ್ಪವಿರಾಮ ಬಿಟ್ಟಿದ್ದೀ. ಕೆಂಪು ಶಾಯಿಯಲ್ಲಿ ಹಾಕಿದ್ದೇನೆ.

ನಿನ್ನ
ನಲಿನಿ ಮೌಶಿ


ಮಂಗಳೂರು
20 ಜೂನ್ 2024

ತೀರ್ಥಸ್ವರೂಪ ಮೌಶಿಗೆ ನಮಸ್ಕಾರಗಳು.

ಝೆರಾಕ್ಸ್ ಕಳಿಸಿದ್ದೇನೆ. ನಿಮಗೆ ಹೊತ್ತು ಹೋಗಲಿ ಎಂದು ಕಳಿಸಿದ್ದೇನೆಯೇ ಹೊರತು ಬೇರೇನೂ ಅಲ್ಲ. ಇದು ಎಸ್ಸೆಸ್ಸೆಲ್ಸಿ ಲೆಕ್ಕವಲ್ಲ, ಮೌಶಿ. ನಾನು ಬಳಸುವ ಸಮೀಕರಣಗಳನ್ನು ಬಿಡಿಸಲು ನೂರು ಕಂಪ್ಯೂಟರು ಒಟ್ಟಿಗೆ ಹನ್ನೊಂದು ತಾಸು ದುಡಿಯುತ್ತವೆ. ನೀವು ಸಮುದ್ರವನ್ನು ಎರಡೇ ಸಲ ನೋಡಿದವರು. ಅದರಲ್ಲಿ ಒಂದು ಸಲ ಉಡುಪಿಗೆ ಹೋದಾಗ ಬಸ್ಸಿನ ಕಿಟಕಿಯಿಂದ.

ಸಣ್ಣಬಾಗಕ್ಕೆ ನಾನು ಹೋಗಿಲ್ಲ. ಇಲ್ಲಿಂದ ಐದು ತಾಸಿನ ದಾರಿ. ಹೋಗುವ ಅಗತ್ಯವೂ ಇಲ್ಲ. ಗ್ರಹಣದ ಹೊತ್ತು ಹೇಳುವವರು ಚಂದ್ರನ ಮೇಲೆ ಹೋಗಿ ಬರುತ್ತಾರೆಯೇ?

ಆಳ ಕೇಳಿದ್ದೀರಿ. ದಡದ ಹತ್ತಿರ ನೀರು ತೀರ ತೆಳುವಾದರೆ ಚೌಕ ಒಣಗಿ ಲೆಕ್ಕ ಮುರಿದುಬೀಳುತ್ತದೆ, ಕಂಪ್ಯೂಟರು ನಿಂತುಬಿಡುತ್ತದೆ. ಅದಕ್ಕೆ ಕನಿಷ್ಠ ಆಳ ಎಂದು ಒಂದು ಅಂಕಿ ಕೊಡುತ್ತೇವೆ. ನಾನು ಮೂರು ಮೀಟರ್ ಕೊಟ್ಟಿದ್ದೇನೆ. ಅದಕ್ಕಿಂತ ಕಡಿಮೆ ಆಳ ಎಲ್ಲಿದ್ದರೂ ಮಾಡೆಲ್ ಅದನ್ನು ಮೂರು ಮೀಟರ್ ಎಂದೇ ಹಿಡಿಯುತ್ತದೆ. ಇದು ಎಲ್ಲರೂ ಮಾಡುವ ಉಪಾಯ, ಇದರಲ್ಲಿ ಹುಡುಕಲು ಏನೂ ಇಲ್ಲ.

ನಿಮ್ಮ ಸಿದ್ದರಾಯನಿಂದ ಜವಾಬು ಕೇಳಿದ್ದೆವು. ಮೂರೇ ಸಾಲು ಬರೆದಿದ್ದಾನೆ. ‘ನಾ ನೋಡಿದ್ದ ಬರದೇನ್ರಿ. ನೋಡಲಾರದ್ದು ಬರದಿಲ್ರಿ. ಸಾಹೇಬ್ರು ಒಮ್ಮೆ ಬಂದು ನೋಡ್ರಿ.’ ಏನು ಸೊಕ್ಕು! ನಾನು ಬಂದು ಇವನ ಕೋಲು ನೋಡಬೇಕಂತೆ.

ನಿಮ್ಮ
ಸುಧೀರ


ಇಂಡಿ
29 ಜೂನ್ 2024

ಚಿ. ಸುಧೀರನಿಗೆ ಆಶೀರ್ವಾದಗಳು.

ಈ ಪತ್ರದ ಜೊತೆ ನಾಲ್ಕು ಗ್ರಾಫ್ ಹಾಳೆ ಮಡಚಿ ಇಟ್ಟಿದ್ದೇನೆ. ಹದಿನೈದು ದಿನದ ಅಂಕಿಗಳನ್ನು ಪೆನ್ಸಿಲಿನಿಂದ ಒಂದೊಂದೇ ಗುರುತು ಹಾಕಿದ್ದೇನೆ. ಮೂರು ದಿನ ಹಿಡಿಯಿತು. ನೂರು ಕಂಪ್ಯೂಟರು ಬೇಕಾಗಲಿಲ್ಲ.

ನೋಡು. ದಿನದಿಂದ ದಿನಕ್ಕೆ ಅವನ ಭರತ, ಅಂದರೆ ನೀರು ಪೂರ್ತಿ ಏರುವ ಹೊತ್ತು, ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಚಂದ್ರ ಹುಟ್ಟುವುದೂ ದಿನಾಲು ಅಷ್ಟೇ ತಡ. ಅಂದಾಜಿನಲ್ಲಿ ಬರೆಯುವವನು ಪಂಚಾಂಗ ಹಿಡಿದು ಸುಳ್ಳು ಬರೆಯುತ್ತಾನೆಯೇ? ನೀರು ಏರುವಾಗ ಸರಸರ ಏರುತ್ತದೆ, ಇಳಿಯುವಾಗ ತಡವರಿಸುತ್ತದೆ. ಇಳಿತದ ತಳ ಚೂಪಾಗಿಲ್ಲ, ಸಪಾಟಾಗಿದೆ. ಅರವತ್ತೆರಡಕ್ಕೆ ಬಂದು ನೀರು ಕೂತುಬಿಡುತ್ತದೆ.

ಇದನ್ನು ನಾನು ಸಮುದ್ರದಲ್ಲಿ ಕಲಿತದ್ದಲ್ಲ. ಇಂಗಳೇಶ್ವರದ ಹೊಲಕ್ಕೆ ನಿನ್ನ ಕಾಕಾ ಒಡ್ಡು ಹಾಕಿಸಿದ ವರ್ಷ ಕಲಿತೆ. ದೊಡ್ಡ ಮಳೆಯಾದ ಮೇಲೆ ಒಡ್ಡಿನ ಹಿಂದೆ ನೀರು ನಿಂತಿತು. ಒಡ್ಡಿನ ಎತ್ತರಕ್ಕಿಂತ ಮೇಲಿನದು ಹರಿದುಹೋಯಿತು, ಅದಕ್ಕಿಂತ ಕೆಳಗಿನದು ಹೋಗಲಿಲ್ಲ. ಇದು ಎಮ್ಮೆ ಕಾಯುವವರಿಗೂ ಗೊತ್ತು. ಆ ಅಳಿವೆ ಬಾಯಿಯಲ್ಲಿ ಮರಳಿನ ಒಡ್ಡು ಇದೆ, ಸುಧೀರ. ನೀರು ಅದನ್ನು ದಾಟಿ ಒಳಗೆ ಬರಬೇಕು, ದಾಟಿಯೇ ಹೊರಗೆ ಹೋಗಬೇಕು. ಅದಕ್ಕೇ ತಡ. ನಿನ್ನ ಉಪಾಯ ಆ ಒಡ್ಡನ್ನು ಮೂರು ಮೀಟರ್ ಅಗೆದು ತೆಗೆದುಬಿಟ್ಟಿದೆ. ನೀನೇ ಒಡ್ಡು ಒಡೆದು, ನೀರು ಯಾಕೆ ಬೇಗ ಹೋಗಲಿಲ್ಲ ಎಂದು ಕಾವಲಿನವನನ್ನು ಬಯ್ಯುತ್ತಿದ್ದೀ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನಿನ್ನದು ಓದು ನಾಲ್ಕೂ ಕಾಲು ತುಂಬಿ, ಬುದ್ಧಿಗೆ ಜಾಗವೇ ಉಳಿದಿಲ್ಲ.

ವರದಿ ಹೋಗಿದ್ದರೆ ತಕ್ಷಣ ವಾಪಸು ತೆಗೆದುಕೋ. ಒಮ್ಮೆ ಸುಳ್ಳು ದಾಖಲೆ ಬರೆದವನು ಎಂಬ ಷರಾ ಬಿದ್ದರೆ ಯಾವ ಗುತ್ತಿಗೆದಾರನೂ ಅವನನ್ನು ಮತ್ತೆ ಇಟ್ಟುಕೊಳ್ಳುವುದಿಲ್ಲ.

ನಲಿನಿ ಮೌಶಿ


ಮಂಗಳೂರು
9 ಆಗಸ್ಟ್ 2024

ತೀರ್ಥಸ್ವರೂಪ ಮೌಶಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಕೆಲಸ ಬಹಳ ಇತ್ತು ಎಂದು ಬರೆದರೆ ನೀವು ಕೆಂಪು ಗೆರೆ ಎಳೆಯುತ್ತೀರಿ. ಅದಕ್ಕೆ ನಡೆದದ್ದನ್ನೇ ಬರೆಯುತ್ತೇನೆ.

ನಿಮ್ಮ ಗ್ರಾಫ್ ನನ್ನ ಕೈಗೆ ಬಂದದ್ದು ಜುಲೈ 4ಕ್ಕೆ. ವರದಿ ಜೂನ್ 28ಕ್ಕೇ ಹೋಗಿತ್ತು. ಜುಲೈ 1ಕ್ಕೆ ಸಿದ್ದರಾಯನನ್ನು ತೆಗೆದುಹಾಕಿದ್ದರು. ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು, ಎರಡು ವಾರ ಡ್ರಾಯರಿನಲ್ಲಿ ಹಾಕಿಟ್ಟೆ. ಆಮೇಲೆ ನಿಮ್ಮದು ತಪ್ಪು ಎಂದು ತೋರಿಸಲಿಕ್ಕೆಂದೇ ಕನಿಷ್ಠ ಆಳ ತೆಗೆದುಹಾಕಿ, ಹಳೆಯ ನಕ್ಷೆಯಲ್ಲಿದ್ದ ಮರಳ ದಿಬ್ಬವನ್ನು ಇದ್ದ ಹಾಗೇ ಇಟ್ಟು, ಒಣಗುವ ಚೌಕಗಳಿಗೆ ಬೇರೆ ವಿಧಾನ ಹಾಕಿ ಮಾಡೆಲ್ ಓಡಿಸಿದೆ. ಸಿದ್ದರಾಯನ ಅಂಕಿಗೂ ಮಾಡೆಲಿಗೂ ನಾಲ್ಕು ಬೆರಳಿನ ಅಂತರ ಕೂಡ ಉಳಿಯಲಿಲ್ಲ.

ಜುಲೈ ಕೊನೆಗೆ ಒಂದು ಸಭೆಯಲ್ಲಿ ಈ ಹೊಸ ಫಲಿತಾಂಶ ತೋರಿಸಿದೆ. ಚಪ್ಪಾಳೆ ಬಿತ್ತು. ಮರಳ ದಿಬ್ಬದ ಪರಿಣಾಮವನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದವರಿಲ್ಲ ಎಂದು ಒಬ್ಬ ಹಿರಿಯರು ಅಂದರು. ತಾಳೆ ನೋಡಲು ಬಳಸಿದ ಅಂಕಿಗಳನ್ನು ‘ಪರಿಷ್ಕರಿಸಿದ ಅಳತೆ’ ಎಂದು ಕರೆದಿದ್ದೇನೆ. ಪರಿಷ್ಕರಿಸಿದ್ದು ಏನೂ ಇಲ್ಲ, ನಿಮಗೆ ಗೊತ್ತಿದೆ. ಹಳೆಯ ವರದಿಯ ಆ ಷರಾದ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಈಗ ಎತ್ತಿದರೆ ಮೊದಲನೇ ವರದಿ ಪೂರ್ತಿ ಬಿದ್ದುಹೋಗುತ್ತದೆ, ಡಿಸೆಂಬರಿನ ನನ್ನ ಬಡ್ತಿಯೂ. ಈ ಮಾತು ನಿಮ್ಮಲ್ಲೇ ಇರಲಿ.

ಅವನ ನೌಕರಿಗೂ ಒಂದು ದಾರಿ ಹುಡುಕಿದ್ದೇನೆ, ನನ್ನನ್ನು ಕಟುಕ ಎಂದುಕೊಳ್ಳಬೇಡಿ. ಜೊತೆಗಿರುವ ಹಾಳೆಯಲ್ಲಿ ‘ಕೆಲವು ಅಳತೆಗಳನ್ನು ನನ್ನ ಅಲಕ್ಷ್ಯದಿಂದ ತಡವಾಗಿ ಬರೆದಿದ್ದೇನೆ, ಕ್ಷಮಿಸಬೇಕು’ ಎಂದು ಟೈಪ್ ಮಾಡಿಸಿದ್ದೇನೆ. ಅವನು ಸಹಿ ಹಾಕಿದರೆ ಅಕ್ಟೋಬರಿನಲ್ಲಿ ಮತ್ತೆ ಕರೆಸಿಕೊಳ್ಳುತ್ತೇವೆ. ನೀವು ಯಂಕಂಚಿಗೆ ಹೋಗಿ ಒಂದು ಮಾತು ಹೇಳಿದರೆ ಕೇಳುತ್ತಾನೆ. ಇಂಥವರಿಗೆ ಸಹಿ ಏನು ದೊಡ್ಡದು?

ನಿಮ್ಮ
ಸುಧೀರ


ಇಂಡಿ
24 ಆಗಸ್ಟ್ 2024

ಸುಧೀರನಿಗೆ,

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನೀನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೇಕೆಯ ಸಹಿಯನ್ನೂ ಕೇಳುತ್ತಿದ್ದೀ.

ಇಷ್ಟು ಬರೆದು ನಿನ್ನ ಹಾಳೆಯನ್ನು ಒಲೆಗೆ ಹಾಕಿದೆ ಎಂದು ಬರೆಯಬಹುದಾಗಿತ್ತು. ಹಾಗೆ ಬರೆದರೆ ಸುಳ್ಳಾಗುತ್ತದೆ. ನಾನು ಆ ಹಾಳೆಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಯಂಕಂಚಿಗೆ ಹೋದೆ. ಬೇಡ ಎಂದರು ನಿನ್ನ ಕಾಕಾ. ಬಡವನಿಗೆ ನೌಕರಿ ಮುಖ್ಯ, ಮಾನ ಆಮೇಲೆ ಎಂದು ಅವರಿಗೆ ತಿಳಿಹೇಳಿ ಸಿಂದಗಿ ಬಸ್ಸು ಹತ್ತಿದೆ. ಬಡವನ ಮಾನದ ಬಗ್ಗೆ ಎಷ್ಟು ಸಲೀಸಾಗಿ ತೀರ್ಪು ಕೊಟ್ಟೆ ನೋಡು.

ಬಸ್ಸಿಳಿದು ಚಹಾದಂಗಡಿಯ ಫಕೀರಸಾಬ ಎಂಬುವನನ್ನು ಸಿದ್ದರಾಯನ ಮನೆ ಎಲ್ಲಿ ಎಂದು ಕೇಳಿದೆ. ನನ್ನ ಕಿವಿಗೂ ಕೇಳುವಷ್ಟು ಗಟ್ಟಿಯಾಗಿ ‘ಯಾಂವ ಸಿದ್ದರಾಯ್ರಿ? ಸುಳ್ಳ ಬರದಾನಂತ ಸಮುದ್ರದ ಕಡಿಂದ ಹೊಳ್ಳಿ ಕಳಿಸ್ಯಾರಲ್ರಿ, ಆಂವ ಏನ್ರಿ?’ ಎಂದ. ಊರಲ್ಲಿ ಸಿದ್ದರಾಯ ಅನ್ನುವ ಹೆಸರಿನವರು ಮೂವರಿದ್ದಾರಂತೆ. ಇವನ ಗುರುತು ಈಗ ಇದು. ನೀನು ಕೊಟ್ಟದ್ದು.

ಅವನು ಬೇರೆಯವರ ತೊಗರಿ ಹೊಲದಲ್ಲಿ ಎಡೆ ಹೊಡೆದು ಕಳೆ ತೆಗೆಯುತ್ತಿದ್ದ. ನಲವತ್ತರ ಆಸುಪಾಸಿನ, ಮಾತು ಕಡಿಮೆ ಇರುವ ಮನುಷ್ಯ. ನಾನು ಯಾರು ಎಂದು ಹೇಳಿದ ಮೇಲೂ ಕುಡಿಯಲು ನೀರು ಕೊಟ್ಟ. ನಾನು ಹೇಳಿದೆ, ‘ಸಿದ್ದರಾಯ, ನೀ ಬರದದ್ದು ಖರೆ ಅದ. ನಾ ಗ್ರಾಫ್ ಹಾಕಿ ನೋಡೀನಿ. ಆದರ ನೌಕರಿ ಬೇಕಲ್ಲಪಾ? ಇದಕ್ಕೊಂದು ಸಹಿ ಹಾಕಿಬಿಡು.’

ಅವನು ಕೈ ಒರೆಸಿಕೊಂಡು ಹಾಳೆ ಎರಡು ಸಲ ಓದಿದ. ಮಡಚಿ ನನ್ನ ಕೈಗೇ ಕೊಟ್ಟ.

‘ಬಾಯಾರ, ನೀವು ಗ್ರಾಫ್ ಹಾಕೂಕಿಂತ ಮದಲ ನಾ ಬರದಿದ್ದು ಖರೆ ಇದ್ದಿಲ್ಲೇನ್ರಿ?’

ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಅವನು ಇನ್ನಷ್ಟು ಗಟ್ಟಿಯಾಗಿ ಅದನ್ನೇ ಹೇಳಿದ. ಸುಧೀರ, ನನಗೆ ಮೊದಲನೇ ಸಲವೇ ಕೇಳಿಸಿತ್ತು. ಬೇಕೆಂದೇ ಕಿವುಡಿಯಾದೆ.

ಅವನು ಹೇಳಿದ ಇನ್ನೊಂದು ಮಾತೂ ಬರೆಯುತ್ತೇನೆ. ‘ನೌಕರಿ ಹೋದ್ರ ಎಡಿ ಹೊಡಿತೇನ್ರಿ. ಇದಕ್ಕ ಸಹಿ ಹಾಕಿದ್ರ ಆ ಐದು ತಿಂಗಳು ನಾ ಅಲ್ಲಿ ಇದ್ದಿದ್ದ ಸುಳ್ಳಾಕ್ಕೈತಿ.’

ಬಸ್ಸಿನಲ್ಲಿ ವಾಪಸು ಬರುವಾಗ ನಾಚಿಕೆಯಾಯಿತು. ನೀನು ಅವನನ್ನು ನಂಬಲಿಲ್ಲ. ನಾನೂ ನಂಬಿರಲಿಲ್ಲ. ನನ್ನ ಪೆನ್ಸಿಲನ್ನು ನಂಬಿದೆ, ಅಷ್ಟೇ. ಪೆನ್ಸಿಲು ಬೇರೆ ಏನಾದರೂ ಹೇಳಿದ್ದರೆ ನಿನ್ನ ಜೊತೆ ಸೇರಿ ನಾನೂ ಅವನನ್ನು ಬಯ್ಯುತ್ತಿದ್ದೆ. ನಿನಗೆ ಬರೆದ ಅಷ್ಟೂ ತಿರಸ್ಕಾರದಲ್ಲಿ ನನ್ನ ಪಾಲೂ ಇದೆ.

ಈಗ ಕೇಳು. ನಿನ್ನ ಆಗಸ್ಟ್ 9ರ ಪತ್ರ ಮತ್ತು ಆ ಟೈಪ್ ಮಾಡಿಸಿದ ಹಾಳೆ, ಎರಡನ್ನೂ ಒಂದು ಲಕೋಟೆಗೆ ಹಾಕಿ ನಿಮ್ಮ ನಿರ್ದೇಶಕರ ಹೆಸರಿಗೆ ಇಂದು ಸಾದಾ ಟಪಾಲಿನಲ್ಲಿ ಹಾಕಿದ್ದೇನೆ. ನಿನಗೆ ಈ ಪತ್ರ ಸ್ಪೀಡ್ ಪೋಸ್ಟಿನಲ್ಲಿ. ನಡುವೆ ಮೂರು ನಾಲ್ಕು ದಿನ ಸಿಗುತ್ತವೆ. ನಿನ್ನ ಕೋಣೆಯಿಂದ ಅವರ ಕೋಣೆಗೆ ಎಷ್ಟು ಹೆಜ್ಜೆ ಎಂದು ನನಗೆ ಗೊತ್ತಿಲ್ಲ. ಯಂಕಂಚಿಗಿಂತ ಹತ್ತಿರವೇ ಇರಬೇಕು.

ನಲಿನಿ


ಸಣ್ಣಬಾಗ
17 ನವೆಂಬರ್ 2024

ತೀರ್ಥಸ್ವರೂಪ ಮೌಶಿಗೆ ನಮಸ್ಕಾರಗಳು.

ಮೂರು ತಿಂಗಳು ನಿಮಗೆ ಬರೆಯಬಾರದು ಎಂದೇ ಇದ್ದೆ. ಸ್ವಂತ ಮೌಶಿ ಹೀಗೆ ಮಾಡುತ್ತಾರೆಯೇ ಎಂದು ಅವ್ವನ ಹತ್ತಿರ ಫೋನಿನಲ್ಲಿ ಕೂಗಾಡಿದೆ. ಅವ್ವ ಎಲ್ಲ ಕೇಳಿಕೊಂಡು, ‘ನಲಿನಿ ಸಣ್ಣಾಕಿ ಇದ್ದಾಗಿಂದ ಹಂಗ ಅದಾಳ’ ಎಂದು ಫೋನು ಇಟ್ಟಳು.

ನಿರ್ದೇಶಕರ ಕೋಣೆಗೆ ಇಪ್ಪತ್ತಾರು ಹೆಜ್ಜೆ. ಎರಡು ದಿನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಮೂರನೇ ದಿನ ಒಳಗೆ ಹೋದೆ. ನಿಮ್ಮ ಲಕೋಟೆ ಅಷ್ಟರಲ್ಲಿ ಬಂದಿತ್ತೋ ಇಲ್ಲವೋ ಈವತ್ತಿಗೂ ತಿಳಿಯದು. ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಾಗಲಿಲ್ಲ. ಮೊದಲ ವರದಿ ವಾಪಸಾಯಿತು. ಸಿದ್ದರಾಯನ ಮೇಲಿನ ಷರಾ ರದ್ದಾಯಿತು. ತಪ್ಪು ಸಂಸ್ಥೆಯದು ಎಂದು ಅವನಿಗೂ ಅವನ ಗ್ರಾಮ ಪಂಚಾಯಿತಿಗೂ ಕಾಗದ ಹೋಗಿದೆ. ನನ್ನ ಬಡ್ತಿಯ ಮಾತು ಬಿಡಿ. ಹೊಸ ಅಳತೆ ಬೇಕು, ಮೂರು ತಿಂಗಳು ನೀವೇ ಕೋಲಿನ ಹತ್ತಿರ ಇದ್ದು ಬರೆಯಿರಿ ಎಂದರು ನಿರ್ದೇಶಕರು. ಸಿದ್ದರಾಯನನ್ನೂ ಕರೆಸಿದರು. ಅವನು ಹದಿನೈದು ದಿನಕ್ಕೆ ಮಾತ್ರ ಬಂದಿದ್ದಾನೆ, ಬರೆಯಲಿಕ್ಕಲ್ಲ. ಬರೆಯುವವರಿಗೆ ಕಲಿಸಲಿಕ್ಕೆ.

ಹೀಗೆ ನಿಮ್ಮ ಅಕ್ಕನ ಮಗ, ನೂರು ಕಂಪ್ಯೂಟರಿನ ಧಣಿ, ಈಗ ತಗಡಿನ ಶೆಡ್ಡಿನಲ್ಲಿ ಕೂತು ಯಂಕಂಚಿಯ ಸಿದ್ದರಾಯನ ಕೈಕೆಳಗೆ ಕೋಲು ಓದಲು ಕಲಿಯುತ್ತಿದ್ದಾನೆ. ಅವನು ನನ್ನನ್ನು ಬಯ್ಯುವುದಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸಾಹೇಬ್ರ ಎಂದೇ ಕರೆಯುತ್ತಾನೆ. ಅಲೆ ಬಂದಾಗ ಮೇಲಿನ ಗುರುತು, ಸರಿದಾಗ ಕೆಳಗಿನ ಗುರುತು, ಹೀಗೆ ಐದು ಸಲ ನೋಡಿ ನಡುವಿನದನ್ನು ಬರೆಯಬೇಕಂತೆ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಮರಳ ಒಡ್ಡನ್ನು ನೋಡಿದೆ. ಇಳಿತದಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ಮೀನುಗಾರ ಹೆಂಗಸರು ಬುಟ್ಟಿ ಹೊತ್ತು ಅದರ ಮೇಲೆ ನಡೆದು ಆಚೆ ದಡಕ್ಕೆ ಹೋಗುತ್ತಾರೆ. ನನ್ನ ಮಾಡೆಲಿನಲ್ಲಿ ಅವರೆಲ್ಲ ಮುಳುಗಿ ಸತ್ತಿರುತ್ತಿದ್ದರು.

ನಿನ್ನೆ ನಡೆದದ್ದನ್ನು ಬರೆಯಲಿಕ್ಕೇ ಈ ಪತ್ರ. ಮಧ್ಯಾಹ್ನ ಸಿದ್ದರಾಯ ಪೇಟೆಗೆ ಹೋಗಿದ್ದ. ಎರಡು ಗಂಟೆಗೆ ಮಳೆ ಹಿಡಿಯಿತು, ಗಾಳಿಯೂ ಇತ್ತು. ಶೆಡ್ಡಿನಿಂದ ಕೋಲು ನಲವತ್ತು ಮಾರು ದೂರ. ಎರಡೂವರೆ, ಮೂರು, ಮೂರೂವರೆ, ನಾಲ್ಕು, ಈ ನಾಲ್ಕು ಸಲ ನಾನು ಹೊರಗೆ ಹೋಗಲಿಲ್ಲ. ಹೋಗುವ ಅಗತ್ಯವೇನು? ನೀರು ಏರುತ್ತಿತ್ತು, ಎಷ್ಟು ಏರಬೇಕು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲೆಕ್ಕ ಹಾಕಿ ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಅನ್ನಿಸಲೂ ಇಲ್ಲ, ಮೌಶಿ. ಆಣೆ ಮಾಡಿ ಹೇಳುತ್ತೇನೆ.

ಸಂಜೆ ಸಿದ್ದರಾಯ ಬಂದು ಚಪ್ಪಲಿ ಬಿಟ್ಟು, ರಜಿಸ್ಟರು ತೆರೆದು, ಬೆರಳು ಆಡಿಸುತ್ತ ಹೋದ. ಬೆರಳು ಆ ನಾಲ್ಕು ಸಾಲಿನ ಮೇಲೆ ನಿಂತಿತು.

‘ಈ ನಾಕು ನೋಡಿ ಬರದಿಲ್ರಿ ಸಾಹೇಬ್ರ.’

‘ಹೆಂಗ ಹೇಳ್ತಿ?’ ಎಂದೆ. ದನಿ ಏರಿಸಿಯೇ ಕೇಳಿದೆ.

‘ಎಂಟೆಂಟ ಸೆಂಟಿಮೀಟರ್ ಸಮಾ ಏರೇತ್ರಿ. ಮಳಿ ಗಾಳ್ಯಾಗ ನೀರು ಇಷ್ಟ ಚಂದ ಏರಂಗಿಲ್ರಿ.’

ಮೌಶಿ, ಅವನು ನಗಲಿಲ್ಲ. ಯಾರಿಗೂ ಹೇಳುತ್ತೇನೆ ಎನ್ನಲಿಲ್ಲ. ನಾಲ್ಕು ಸಾಲಿನ ಮೇಲೆ ಅಡ್ಡಗೆರೆ ಎಳೆದು ಪೆನ್ನು ನನ್ನ ಕೈಗೆ ಕೊಟ್ಟ. ‘ನೋಡಿಲ್ಲ ಅಂತ ಬರೀರಿ. ಬರದು ಸಹಿ ಹಾಕ್ರಿ. ನೋಡಲಾರದ್ದಕ್ಕ ನಾನೂ ಹಂಗ ಬರಿತಿದ್ದೆ’ ಎಂದ. ಅವನ ಹಳೆಯ ರಜಿಸ್ಟರನ್ನು ಆಮೇಲೆ ತೆಗೆದು ನೋಡಿದೆ. ಐದು ತಿಂಗಳಲ್ಲಿ ಏಳು ಕಡೆ ‘ನೋಡಿಲ್ಲ’ ಎಂದು ಬರೆದು ಸಹಿ ಮಾಡಿದ್ದಾನೆ. ಅವನನ್ನು ಸುಳ್ಳುಗಾರ ಎಂದು ಬರೆಯುವ ಮೊದಲು ಆ ಏಳು ಪುಟಗಳನ್ನು ನಾನು ಓದಿರಲಿಲ್ಲ.

ನಾಲ್ಕು ಸಾಲಿಗೂ ‘ನೋಡಿಲ್ಲ’ ಎಂದು ಬರೆದೆ. ನಾಲ್ಕು ಸಲ ಸಹಿ ಹಾಕಿದೆ.

ನಿಮ್ಮ
ಸುಧೀರ